ಕಾಳುಗಟ್ಟಿದ ಲೋಹದಲ್ಲಿ ಎಲೆಕ್ಟ್ರಾನುಗಳ ಸಂಚಾರ

ಕಳೆದ ಮಾಗಿಯಲ್ಲಿ ನಾವು ಕೆಲವು ಮಂದಿ ಅಧ್ಯಾಪಕರು, ನಮ್ಮ ವಿದ್ಯಾರ್ಥಿಗಳೊಡನೆ, ದೇವನಹಳ್ಳಿ ತಾಲ್ಲೂಕಿನ ಕುಂದಾಣಕ್ಕೆ ಹೋಗಿದ್ದೆವು. ಬೆಳಗಿನ ಮಂಜು ಹರಿದ ಮೇಲೆ ಬೆಟ್ಟದ ಬಂಡೆಯೊಂದರ ಮೇಲೆ ಕುಳಿತು ಬಯಲನ್ನು ನೋಡುತ್ತಿದ್ದೆವು. ಉತ್ತರಕ್ಕೆ ನಂದಿಯ ಬೆಟ್ಟ. ಸುತ್ತಲೂ ಹೊಲ, ತೋಪು, ಕಲ್ಲುಗುಂಡು. ಅವುಗಳ ನಡುನಡುವೆ ಬಿಸಿಲಿಗೆ ಹೊಳೆಯುವ ಕೆರೆಗಳು. ಇದು ಜೀವನದಿಯಿಲ್ಲದ ಸೀಮೆ. ಇಲ್ಲಿಯ ಹಿರಿಯರು ಏರಿ ಕಟ್ಟಿ ಮಳೆಯ ನೀರನ್ನು ಹಿಡಿದು ಬಾಳಿದವರು. ಆಗ ನಮ್ಮ ವಿದ್ಯಾರ್ಥಿಯೊಬ್ಬನು, “ಈ ಸೀಮೆಯನ್ನು ನೀರಿರುವ ಸೀಮೆ ಎನ್ನಬೇಕೋ, ಒಣಸೀಮೆ ಎನ್ನಬೇಕೋ?” ಎಂದು ಕೇಳಿದನು. ಕೆರೆಗೆ ಇಳಿದವನಿಗೆ ಇದು ನೀರಿನ ಸೀಮೆ. ದೋಣಿಯಲ್ಲಿ ಕುಂದಾಣದಿಂದ ದೇವನಹಳ್ಳಿಗೆ ಹೋಗಬೇಕೆಂಬವನಿಗೆ ಒಣಸೀಮೆ. ಆ ಹುಡುಗನು ವಿನೋದಕ್ಕಾಗಿ ಕೇಳಿದ ಮಾತು ನಮಗೆ ಪಾಠದ ಕೋಣೆಯ ಬೇರೊಂದು ಪ್ರಶ್ನೆಯನ್ನು ನೆನಪಿಗೆ ತಂದಿತು. ಲೋಹವನ್ನು ಸಣ್ಣ ಸಣ್ಣ ಕಾಳುಗಳಾಗಿ ಒಡೆದು, ಒಂದೊಂದು ಕಾಳಿನ ಸುತ್ತಲೂ ವಿದ್ಯುತ್ತು ಹರಿಯದ ತೆಳುವಾದ ಸಿಪ್ಪೆಯನ್ನಿಟ್ಟು, ಅವೆಲ್ಲವನ್ನೂ ಒತ್ತೊತ್ತಾಗಿ ಪೇರಿಸಿದರೆ, ಆ ವಸ್ತುವನ್ನು ಲೋಹವೆನ್ನಬೇಕೋ, ಅವಾಹಕವೆನ್ನಬೇಕೋ? ಈ ಹೊತ್ತಿನ ನಮ್ಮ ಮಾತು ಈ ಪ್ರಶ್ನೆಯನ್ನು ಕುರಿತದ್ದು.

ಮೊದಲು ಸಾಮಾನ್ಯವಾದ ಲೋಹದ ವಿಚಾರವನ್ನು ಸ್ವಲ್ಪ ಹೇಳಬೇಕು. ವಿದ್ಯುತ್ತಿನ ಅತ್ಯಲ್ಪ ಕಣವಾದ ಎಲೆಕ್ಟ್ರಾನನ್ನು ಜೆ. ಜೆ. ಥಾಮ್ಸನ್ನರು 1897ರಲ್ಲಿ ಗುರುತಿಸಿದರು. ಮೂರು ವರ್ಷ ಕಳೆಯುವುದರೊಳಗೆ, 1900ರಲ್ಲಿ, ಜರ್ಮನಿಯ ಡ್ರೂಡ್ ಎಂಬ ವಿದ್ವಾಂಸರು, ಲೋಹದೊಳಗೆ ಈ ಕಣಗಳು ಪಾತ್ರೆಯೊಳಗಿನ ಅನಿಲದ ಹಾಗೆ ಸ್ವಚ್ಛಂದವಾಗಿ ಓಡಾಡುತ್ತವೆ ಎಂದು ಪ್ರತಿಪಾದಿಸಿದರು. ಅವುಗಳ ಸಂಖ್ಯೆ ಅಪಾರವಾದುದು. ಒಂದು ಘನ ಸೆಂಟಿಮೀಟರ್ ತಾಮ್ರದಲ್ಲಿ ಹೀಗೆ ಸಂಚರಿಸತಕ್ಕ ಎಲೆಕ್ಟ್ರಾನುಗಳು ಸುಮಾರು 8ರ ಮುಂದೆ 22 ಸೊನ್ನೆಗಳನ್ನು ಬರೆದಷ್ಟಿರುತ್ತವೆ. ಆದರೆ ಎಲೆಕ್ಟ್ರಾನು ಕೇವಲ ಗುಂಡಲ್ಲ. ಅದಕ್ಕೆ ಅಲೆಯ ಸ್ವಭಾವವೂ ಉಂಟು. ಪರಮಾಣುಗಳು ಸಾಲುತಪ್ಪದೆ ನಿಂತಿದ್ದರೆ ಈ ಅಲೆಯು ಎಲ್ಲಿಯೂ ಎಡವದೆ ಸಾಗಿಹೋಗುತ್ತದೆ ಎಂದು 1928ರಲ್ಲಿ ಬ್ಲಾಕ್ ಎಂಬ ತರುಣ ವಿಜ್ಞಾನಿ ತೋರಿಸಿದರು. ಎಡವಲು ಕಾರಣಗಳು ಎರಡು: ಶಾಖದಿಂದ ಪರಮಾಣುಗಳು ನಡುಗುವುದು ಒಂದು, ಕಲ್ಮಷಗಳೂ ಸಾಲಿನ ಕುಂದುಗಳೂ ಇನ್ನೊಂದು. ತಾಮ್ರದ ತಂತಿಯನ್ನು ತಣಿಸುತ್ತ ಹೋದರೆ ನಡುಕವು ಅಡಗುತ್ತದೆ; ರೋಧವು ಇಳಿಯುತ್ತದೆ; ಕೊನೆಗೆ ಕಲ್ಮಷಗಳಿಂದಾದ ಅಲ್ಪರೋಧವಷ್ಟೇ ಉಳಿಯುತ್ತದೆ. ಆದುದರಿಂದ ‘ತಣಿದಷ್ಟೂ ಚೆನ್ನಾಗಿ ವಿದ್ಯುತ್ತನ್ನು ಸಾಗಿಸುವುದು ಲೋಹ’ ಎಂಬುದು ಒಳ್ಳೆಯ ಲಕ್ಷಣವಾಕ್ಯ.

ಇದು ಹಿಂದೆ ಅಷ್ಟು ನಿಸ್ಸಂದೇಹವಾದ ಸಂಗತಿಯಾಗಿರಲಿಲ್ಲ. ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಲಾರ್ಡ್ ಕೆಲ್ವಿನ್ನರು ಇದಕ್ಕೆ ವಿರುದ್ಧವಾಗಿ ಊಹಿಸಿದ್ದರು. ಕಡುಚಳಿಯಲ್ಲಿ ಎಲೆಕ್ಟ್ರಾನುಗಳು ತಮ್ಮ ತಮ್ಮ ಪರಮಾಣುಗಳಿಗೇ ಹೆಪ್ಪುಗಟ್ಟಿ ಅಂಟಿಕೊಂಡು, ರೋಧವು ಮಿತಿಮೀರಿ ಏರಬೇಕೆಂಬುದು ಅವರ ಅಭಿಪ್ರಾಯ. ಹಾಲೆಂಡಿನ ಲೈಡನ್ ನಗರದಲ್ಲಿ ಕಾಮರ್ಲಿಂಗ್ ಓನ್ಸ್ ಎಂಬವರು 1908ರಲ್ಲಿ ಹೀಲಿಯಂ ಅನಿಲವನ್ನು ದ್ರವವಾಗಿ ಮಾಡಿದರು. ಆ ದ್ರವ ಕುದಿಯುವುದು ನಿರಪೇಕ್ಷ ಶೂನ್ಯದಿಂದ ಕೇವಲ 4.2 ಕೆಲ್ವಿನ್ ಡಿಗ್ರಿ ಮೇಲೆ. ಆ ಚಳಿಯಲ್ಲಿ 1911ರಲ್ಲಿ ಪಾದರಸವನ್ನು ಪರೀಕ್ಷಿಸಿದಾಗ ಕೆಲ್ವಿನ್ನರ ಊಹೆ ನಿಜವಾಗಲಿಲ್ಲ. ಅದರ ರೋಧವು ಹಠಾತ್ತಾಗಿ ಮಾಯವಾಯಿತು. ಇದೇ ಅತಿವಾಹಕತೆ. ಕೆಲ್ವಿನ್ನರು ಸೋತರು ಎಂದು ನಾವು ತರಗತಿಯಲ್ಲಿ ಹೇಳಿ ಮುಂದಕ್ಕೆ ಹೋಗುವುದುಂಟು. ಆದರೆ ಕಾಳುಗಟ್ಟಿದ ಲೋಹದಲ್ಲಿ ಅವರು ನಿರೀಕ್ಷಿಸಿದ ಫಲವೇ, ಅವರು ನಿರೀಕ್ಷಿಸದ ಬೇರೊಂದು ಕಾರಣದಿಂದ, ಕಣ್ಣಿಗೆ ಬೀಳುತ್ತದೆ.

ಇಂಥ ಲೋಹವನ್ನು ಮಾಡುವುದು ಕಷ್ಟವಲ್ಲ. ಗಾಳಿಯನ್ನು ಹೊರಹಾಕಿದ ಪಾತ್ರೆಯಲ್ಲಿ ಅಲ್ಯೂಮಿನಿಯಂ ಲೋಹವನ್ನು ಕಾಯಿಸಿ ಆವಿಯಾಗಿಸಬೇಕು. ಬೇಕೆಂದೇ ಲೇಶಮಾತ್ರ ಆಮ್ಲಜನಕವನ್ನು ಒಳಕ್ಕೆ ಬಿಡಬೇಕು. ಆವಿಯು ಗಾಜಿನ ಮೇಲೆ ಪೊರೆಯಾಗಿ ಕೂರುವಾಗ, ಶುದ್ಧ ಅಲ್ಯೂಮಿನಿಯಮ್ಮಿನ ಕಾಳುಗಳೂ ಅವುಗಳ ಸುತ್ತ ಆಕ್ಸೈಡಿನ ಸಿಪ್ಪೆಯೂ ತಾವಾಗಿಯೇ ಏರ್ಪಡುತ್ತವೆ. ಕಾಳಿನ ಅಡ್ಡಳತೆ ಕೆಲವು ನ್ಯಾನೊಮೀಟರುಗಳಿಂದ ಕೆಲವು ಹತ್ತು ನ್ಯಾನೊಮೀಟರುಗಳವರೆಗೆ ಇರಬಹುದು. ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲೇ ನ್ಯಾನೊಮೀಟರು. ಹತ್ತು ನ್ಯಾನೊಮೀಟರಿನ ಅಲ್ಯೂಮಿನಿಯಂ ಕಾಳೊಂದರಲ್ಲಿ ಸುಮಾರು ಮೂವತ್ತು ಸಾವಿರ ಪರಮಾಣುಗಳಿರುತ್ತವೆ. ಒಂದು ದೊಡ್ಡ ಊರಿನ ಜನಸಂಖ್ಯೆಯಷ್ಟಾಯಿತು. ಕಾಳಿನೊಳಗೆ ನೋಡಿದರೆ ಅದು ಯಥಾರ್ಥವಾಗಿಯೂ ಲೋಹವೇ. ಒಟ್ಟಾಗಿ ನೋಡಿದರೆ?

ಕಾಳುಲೋಹವು ಬಾನುಲಿಯ ಶ್ರೋತೃಗಳಿಗೆ ಅಪರಿಚಿತವಾದ ವಸ್ತುವೇನೂ ಅಲ್ಲ. ಬಾನುಲಿಯ ಹುಟ್ಟಿಗೇ ಅದು ಸೂಲಗಿತ್ತಿಯಾಗಿತ್ತು. ಫ್ರಾನ್ಸಿನ ಬ್ರಾನ್ಲಿ ಎಂಬವರು 1890ರಲ್ಲಿ ಗಾಜಿನ ನಳಿಗೆಯೊಳಗೆ ಲೋಹದ ಅರದ ಪುಡಿಯನ್ನು ತುಂಬಿ ಪರೀಕ್ಷಿಸಿದರು. ಪುಡಿಯ ರೋಧ ಬಹಳ ಹೆಚ್ಚಾಗಿತ್ತು. ದೂರದಲ್ಲಿ ವಿದ್ಯುತ್ಕಿಡಿಯೊಂದು ಹಾರಿದೊಡನೆ ರೋಧವು ಥಟ್ಟನೆ ಕುಸಿಯಿತು. ನಳಿಗೆಯನ್ನು ಬೆರಳಿನಿಂದ ತಟ್ಟಿದರೆ ಮತ್ತೆ ಮೊದಲಿನಂತಾಯಿತು. ತಂತಿಯಿಲ್ಲದೆ ಬರುವ ಸಂಕೇತವನ್ನು ಹಿಡಿಯಲು ಮೊದಮೊದಲು ಬಳಕೆಗೆ ಬಂದ ಉಪಕರಣಗಳಲ್ಲಿ ಇದೂ ಒಂದು. ಕಾಳಿಗೂ ಕಾಳಿಗೂ ನಡುವಿನ ಸಿಪ್ಪೆಯಲ್ಲಿಯೇ ಗುಟ್ಟೆಲ್ಲ ಅಡಗಿದೆಯೆಂಬುದು ಆಗಲೇ ತೋರಿಬಂದಿತ್ತು. ದೂರವಾಣಿಯ ಹಳೆಯ ಬಾಯಿತುಂಡಿನಲ್ಲಿಯೂ ಇಂಗಾಲದ ಕಾಳುಗಳೇ ಇದ್ದವು. ಮಾತಿನ ಒತ್ತಡದಿಂದ ಕಾಳುಗಳು ಹತ್ತಿರವಾದರೆ ರೋಧವಿಳಿಯುತ್ತಿತ್ತು, ಸಡಿಲವಾದರೆ ಏರುತ್ತಿತ್ತು.

ಈಗ ಸಿಪ್ಪೆಯನ್ನು ದಾಟುವ ಬಗೆ ಹೇಗೆ? ಕೆರೆಯ ಹೋಲಿಕೆಯನ್ನು ಇಲ್ಲಿ ತುಸು ಬದಿಗಿಡಬೇಕು. ಕೆರೆಯ ನೀರು ಏರಿಯ ಮೇಲೆ ಹರಿಯಬೇಕಾದರೆ ಕೋಡಿ ಬೀಳುವಷ್ಟು ತುಂಬಬೇಕು. ಎಲೆಕ್ಟ್ರಾನಿಗೆ ಹಾಗಿಲ್ಲ. ಅದರ ಅಲೆಯು ಸಿಪ್ಪೆಯೊಳಗೆ ಕ್ಷೀಣಿಸುತ್ತ ಹೋದರೂ, ಸಿಪ್ಪೆ ಒಂದೆರಡು ನ್ಯಾನೊಮೀಟರಿನಷ್ಟು ತೆಳುವಾಗಿದ್ದರೆ, ಆಚೆಯ ಕಡೆ ಒಂದಿಷ್ಟು ಹೊರಚಾಚುತ್ತದೆ. ಆದಕಾರಣ ಏರಿಯನ್ನು ಹತ್ತದೆಯೇ ಆಚೆಗೆ ಕಾಣಿಸಿಕೊಳ್ಳುವ ಸಂಭವವುಂಟು. ಇದಕ್ಕೆ ಸುರಂಗಗಮನವೆಂದು ಹೆಸರು. ಸುರಂಗಗಮನವಿದ್ದರೆ ತೊಂದರೆಯೇನು, ಎಷ್ಟು ಚಳಿಯಾದರೂ ಎಲೆಕ್ಟ್ರಾನು ಸಾಗಬಹುದಲ್ಲ ಎಂದು ನೀವು ಕೇಳಬಹುದು. ತೊಂದರೆ ದಾರಿಯಲ್ಲಿಲ್ಲ, ಹೋಗಿ ಸೇರುವ ಮನೆಯಲ್ಲಿದೆ.

ನಮ್ಮ ಊರುಗಳ ಛತ್ರವನ್ನು ನೆನೆಯಿರಿ. ನೂರು ಮಂದಿ ಉಣ್ಣುವ ಛತ್ರಕ್ಕೆ ಇನ್ನೊಬ್ಬ ಅತಿಥಿ ಬಂದರೆ ಯಾರ ಗಮನಕ್ಕೂ ಬಾರದು. ಒಂದೇ ಕೋಣೆಯ ಗುಡಿಸಲಿಗೆ ಅದೇ ಅತಿಥಿ ಬಂದರೆ, ಮಲಗುವವರೆಲ್ಲರೂ ಎದ್ದು ಒತ್ತರಿಸಿಕೊಳ್ಳಬೇಕಾಗುತ್ತದೆ. ಮನೆ ಕಿರಿದಾದಷ್ಟೂ ಅತಿಥಿಯ ಹೊರೆ ಹಿರಿದು. ಎಲೆಕ್ಟ್ರಾನಿನದೂ ಇದೇ ಕಥೆ. ಅದು ಋಣವಿದ್ಯುತ್ತುಳ್ಳ ಕಣ. ಸಮತೂಕದಲ್ಲಿದ್ದ ಕಾಳಿಗೆ ಅದೊಂದು ಹೆಚ್ಚಾಗಿ ಬಂದು ಕುಳಿತರೆ ಕಾಳಿಗೆ ವಿದ್ಯುದಾವೇಶವುಂಟಾಗುತ್ತದೆ; ಆ ಆವೇಶವನ್ನು ತುಂಬಲು ಶಕ್ತಿ ವೆಚ್ಚವಾಗಬೇಕು; ಕಾಳು ಕಿರಿದಾದಷ್ಟೂ ವೆಚ್ಚ ಹೆಚ್ಚು. ಹತ್ತು ನ್ಯಾನೊಮೀಟರ್ ಅಡ್ಡಳತೆಯ ಗುಂಡುಕಾಳು ನಿರ್ವಾತದಲ್ಲಿ ಒಂಟಿಯಾಗಿದ್ದರೆ, ಈ ವೆಚ್ಚವು ಸುಮಾರು 1,700 ಕೆಲ್ವಿನ್ ಡಿಗ್ರಿಯ ಶಾಖಕ್ಕೆ ಸಮನಾದೀತು. ಸುತ್ತ ಆಕ್ಸೈಡೂ ನೆರೆಯ ಕಾಳುಗಳೂ ಇದ್ದಾಗ ವೆಚ್ಚ ಎಷ್ಟೋ ಪಾಲು ಇಳಿಯುತ್ತದೆ. ಆದರೂ ದ್ರವ ಹೀಲಿಯಮ್ಮಿನ ನಾಲ್ಕು ಡಿಗ್ರಿಯ ಎದುರಿಗೆ ಅದು ಬೆಟ್ಟವೇ ಸರಿ. ನಮ್ಮ ಕೊಠಡಿಯ 300 ಡಿಗ್ರಿಯಲ್ಲಿ ಎಲೆಕ್ಟ್ರಾನಿನ ಕೈಯಲ್ಲಿ ಖರ್ಚಿಗೆ ಸಾಕಷ್ಟು ಶಾಖಧನವಿರುತ್ತದೆ. ಚಳಿಯಲ್ಲಿ ಕೈ ಬರಿದಾಗುತ್ತದೆ. ತೆಳುಪೊರೆಗಳ ರೋಧವು ತಣಿದಂತೆ ಏರುವುದಕ್ಕೆ ಕಾಳುಗಳ ಈ ಆವೇಶವೆಚ್ಚವೇ ಕಾರಣವಿರಬೇಕೆಂದು ಹಾಲೆಂಡಿನ ಗಾರ್ಟರ್ ಎಂಬ ಭೌತಶಾಸ್ತ್ರಜ್ಞರು 1951ರಲ್ಲಿ ಸೂಚಿಸಿದರು.

ಹಾಗಾದರೆ ಕಾಳುಲೋಹವೆಲ್ಲವೂ ಚಳಿಯಲ್ಲಿ ಅವಾಹಕವಾಗಲೇಬೇಕೇ? ಅದು ಕಾಳುಗಳ ನೆರೆಹೊರೆತನವನ್ನು ಅವಲಂಬಿಸಿದೆ. ಅದನ್ನು ಅಳೆಯಲು ಪ್ರಕೃತಿಯೇ ಒಂದು ಅಳತೆಗೋಲನ್ನು ಇಟ್ಟಿದೆ. ಎಲೆಕ್ಟ್ರಾನಿನ ಆವೇಶ, ಪ್ಲಾಂಕರ ನಿಯತಾಂಕ, ಇವೆರಡರಿಂದಲೇ ದೊರೆಯುವ ಒಂದು ರೋಧವುಂಟು. ಅದರ ಬೆಲೆ ಸುಮಾರು 25,813 ಓಮುಗಳು. ನೆರೆಯ ಎರಡು ಕಾಳುಗಳ ನಡುವಿನ ರೋಧವು ಇದಕ್ಕಿಂತ ಬಹಳ ಹೆಚ್ಚಾಗಿದ್ದರೆ ಎಲೆಕ್ಟ್ರಾನು ಯಾವುದೋ ಒಂದು ಕಾಳಿನ ನಿವಾಸಿ ಎಂದು ಹೇಳಬಹುದು. ಬಹಳ ಕಡಮೆಯಾಗಿದ್ದರೆ ಅದು ಈ ಮನೆಯದೋ ಆ ಮನೆಯದೋ ಎಂದು ಹೇಳಲಾಗದಷ್ಟು ಬೇಗಬೇಗನೆ ಹೋಗಿಬರುತ್ತದೆ; ಆಗ ಅತಿಥಿಯ ಹೊರೆ ಒಂದೇ ಮನೆಯ ಮೇಲೆ ಬೀಳದೆ ಕೇರಿಯಲ್ಲೆಲ್ಲ ಹಂಚಿಹೋಗುತ್ತದೆ.

ಹೀಗೆ ಚೆನ್ನಾಗಿ ಬೆಸೆದುಕೊಂಡ ಕಾಳುಗಳಲ್ಲಿ ಚಳಿಯ ಫಲವು ಬಹಳ ಮೆಲ್ಲಗೆ ತೋರುತ್ತದೆ. ಉಷ್ಣಮಾನ 100 ಡಿಗ್ರಿಯಿಂದ 10ಕ್ಕೆ ಇಳಿದಾಗ ವಾಹಕತೆ ಎಷ್ಟು ಕುಂದುತ್ತದೆಯೋ, 10ರಿಂದ 1ಕ್ಕೆ ಇಳಿದಾಗಲೂ ಅಷ್ಟೇ ಕುಂದುತ್ತದೆ. ಗಣಿತದ ಮಾತಿನಲ್ಲಿ, ಇದು ಲಾಗರಿತಮ್ಮಿನ ಕ್ರಮ. ಪ್ರಯೋಗಗಳಲ್ಲಿ ಮೊದಲು ಕಂಡ ಈ ಕ್ರಮಕ್ಕೆ ಕಾಳುಗಳ ಆವೇಶವೆಚ್ಚದ ಉಳಿಕೆಯೇ ಕಾರಣವೆಂಬುದನ್ನು ಸಿದ್ಧಾಂತಿಗಳು ವಿಶದಪಡಿಸಿದ್ದಾರೆ. ಬೆಲೊಬೊರೊಡೊವ್, ಲೋಪಾಟಿನ್, ವಿನೊಕುರ್, ಎಫೆಟೊವ್ ಎಂಬ ನಾಲ್ವರು 2007ರಲ್ಲಿ ಪ್ರಕಟಿಸಿದ ದೀರ್ಘಪ್ರಬಂಧದಲ್ಲಿ ಇದರ ವಿಸ್ತಾರವಾದ ನಿರೂಪಣೆಯಿದೆ.

ಬೆಸುಗೆ ಸಡಿಲವಾದ ಕಾಳುಗಳ ಕಥೆಯಾದರೋ ಇನ್ನೂ ಸ್ವಾರಸ್ಯವಾದುದು. ಪ್ರತಿಯೊಂದು ಕಾಳಿಗೂ ಒಂದೇ ವೆಚ್ಚವೆಂದು ಭಾವಿಸಿ ಲೆಕ್ಕಹಾಕಿದರೆ, ಉಷ್ಣಮಾನವನ್ನು ಕಾಲುಭಾಗಕ್ಕೆ ಇಳಿಸಿದಾಗ ರೋಧದ ಘಾತವು ನಾಲ್ಕರಷ್ಟಾಗಬೇಕು. ಆದರೆ 1970ರ ದಶಕದಲ್ಲಿ ಏಬಲೆಸ್, ಶೆಂಗ್ ಮೊದಲಾದವರು ಅಮೆರಿಕದಲ್ಲಿ ಅಳೆದು ನೋಡಿದಾಗ ಘಾತವು ಎರಡರಷ್ಟು ಮಾತ್ರವೇ ಆಯಿತು. ಎಂದರೆ ಘಾತವು ಉಷ್ಣಮಾನದ ವರ್ಗಮೂಲವನ್ನು ಅನುಸರಿಸುತ್ತಿತ್ತು. ಎಲೆಕ್ಟ್ರಾನುಗಳು ಲೆಕ್ಕ ಹೇಳಿದ್ದಕ್ಕಿಂತ ಜಾಣತನದಿಂದ ದಾರಿ ಹುಡುಕಿಕೊಳ್ಳುತ್ತಿದ್ದವು.

ಅದು ಹೇಗೆಂದರೆ, ಎಲ್ಲ ಮನೆಗಳೂ ಒಂದೇ ಸ್ಥಿತಿಯಲ್ಲಿರುವುದಿಲ್ಲ. ಸಿಪ್ಪೆಯಲ್ಲಿ ಅಲ್ಲಲ್ಲಿ ಸಿಕ್ಕಿಕೊಂಡ ಬಿಡಿ ಆವೇಶಗಳಿಂದ ಒಂದೊಂದು ಕಾಳಿನ ವೆಚ್ಚವೂ ಒಂದೊಂದು ಬಗೆಯಾಗಿರುತ್ತದೆ. ನೆರೆಮನೆಯಲ್ಲಿ ಇಕ್ಕಟ್ಟಿದ್ದರೂ, ಹತ್ತು ಮನೆಯಾಚೆ ಯಾರೋ ಊರಿಗೆ ಹೋಗಿ ಒಂದು ಹಾಸಿಗೆ ತೆರವಾಗಿರಬಹುದು. ಕೈಯಲ್ಲಿ ದುಡ್ಡಿರುವ ಅತಿಥಿ ಹತ್ತಿರದ ಮನೆಯನ್ನೇ ಹೊಗುತ್ತಾನೆ. ದುಡ್ಡಿಲ್ಲದವನು ದೂರದ ತೆರವಾದ ಮನೆಯನ್ನು ಅರಸುತ್ತಾನೆ. ಆದರೆ ದೂರ ಹೆಚ್ಚಿದಂತೆ ದಾಟುವ ಸಂಭವ ಕುಗ್ಗುತ್ತದೆ. ಈ ಎರಡರ ನಡುವಣ ರಾಜಿಯೇ ಪ್ರವಾಹವನ್ನು ನಿರ್ಣಯಿಸುವುದು. ಚಳಿ ಹೆಚ್ಚಿದಂತೆ ನೆಗೆತವೂ ಉದ್ದವಾಗುತ್ತದೆ. ಇಂಥ ರಾಜಿಯ ಕಲ್ಪನೆಯನ್ನು ಮೊದಲು ಇಂಗ್ಲೆಂಡಿನ ಮಾಟ್ ಅವರು ಕಲ್ಮಷವುಳ್ಳ ಅರೆವಾಹಕಗಳ ವಿಷಯದಲ್ಲಿ ಮಂಡಿಸಿದ್ದರು; ಎಲೆಕ್ಟ್ರಾನುಗಳ ಪರಸ್ಪರ ವಿಕರ್ಷಣೆಯನ್ನೂ ಕೂಡಿಸಿಕೊಂಡರೆ ವರ್ಗಮೂಲದ ನಿಯಮವೇ ದೊರೆಯುತ್ತದೆ ಎಂದು 1975ರಲ್ಲಿ ಎಫ್ರೋಸ್ ಮತ್ತು ಶ್ಕ್ಲೋವ್‌ಸ್ಕಿ ತೋರಿಸಿದರು. ನಡುವೆ ಹತ್ತು ಮನೆಗಳಿರುವಾಗ ಒಂದೇ ನೆಗೆತಕ್ಕೆ ದಾಟುವುದು ಹೇಗೆಂಬ ಶಂಕೆ ಉಳಿಯಿತು. ನಡುವಿನ ಮನೆಯವರು ಮಣೆ ಹಾಕುವ ಮೊದಲೇ, ಮುಂಬಾಗಿಲಿನಿಂದ ಹೊಕ್ಕು ಹಿತ್ತಲ ಬಾಗಿಲಿನಿಂದ ಹೊರಟುಹೋದರೆ ಅವರಿಗೆ ಖರ್ಚೇ ಇಲ್ಲವಲ್ಲ! ಕ್ಷಣಮಾತ್ರದ ಇಂಥ ಸಾಲವನ್ನು ಕ್ವಾಂಟಂ ಶಾಸ್ತ್ರವು ಸಮ್ಮತಿಸುತ್ತದೆ. ಸಾಲವು ಉಳಿಯಕೂಡದು, ಅಷ್ಟೆ.

ಈ ವಿದ್ಯೆಗೂ ನಮ್ಮ ಬೆಂಗಳೂರಿಗೂ ನಂಟುಂಟು. ಕ್ರಮಗೆಟ್ಟ ವಸ್ತುವಿನಲ್ಲಿ ಎಲೆಕ್ಟ್ರಾನಿನ ಅಲೆಯು ತನ್ನ ಪ್ರತಿಧ್ವನಿಗಳಲ್ಲಿಯೇ ಸಿಕ್ಕಿ ನಿಂತುಬಿಡಬಹುದೆಂದು ಅಮೆರಿಕದ ಆಂಡರ್ಸನ್ನರು 1958ರಲ್ಲಿ ಸಾಧಿಸಿದ್ದರು. ಅವರಿಗೆ 1977ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. 1979ರಲ್ಲಿ ಅಬ್ರಹಾಮ್ಸ್, ಆಂಡರ್ಸನ್, ಲಿಚಿಯಾರ್ಡೆಲೊ ಇವರೊಡನೆ ನಮ್ಮ ದೇಶದ ಟಿ. ವಿ. ರಾಮಕೃಷ್ಣನ್ ಅವರೂ ಸೇರಿ ಒಂದು ಪುಟ್ಟ ಪ್ರಬಂಧವನ್ನು ಬರೆದರು. ಎಲೆಕ್ಟ್ರಾನುಗಳ ಪರಸ್ಪರ ವಿಕರ್ಷಣೆಯನ್ನು ಗಣಿಸದಿದ್ದರೆ, ತೆಳುಪೊರೆಯಂಥ ಎರಡು ಆಯಾಮದ ವಸ್ತುವಿನಲ್ಲಿ ಅಲ್ಪವಾದ ಅಕ್ರಮವಿದ್ದರೂ, ಪೊರೆ ಸಾಕಷ್ಟು ದೊಡ್ಡದಾಗಿದ್ದು ಚಳಿ ಸಾಕಷ್ಟು ತೀವ್ರವಾಗಿದ್ದರೆ, ಎಲೆಕ್ಟ್ರಾನು ಕಟ್ಟಕಡೆಗೆ ನಿಲ್ಲಲೇಬೇಕೆಂಬುದು ಅದರ ಫಲಿತಾಂಶಗಳಲ್ಲೊಂದು. ರಾಮಕೃಷ್ಣನ್ನರು ಮುಂದೆ ನಮ್ಮ ನಗರದ ವಿಜ್ಞಾನ ಮಂದಿರದಲ್ಲಿ, ಎಂದರೆ ಜನರು ಈಗಲೂ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಸ್ಥಳದಲ್ಲಿ, ಪ್ರಾಧ್ಯಾಪಕರಾಗಿದ್ದರು.

ಅದೇ ವಿಜ್ಞಾನ ಮಂದಿರದಿಂದ 2018ರ ಜುಲೈ ತಿಂಗಳಲ್ಲಿ ಇನ್ನೊಂದು ವಾರ್ತೆ ಹೊರಟಿತು. ಅದರ ಅರ್ಥ ತಿಳಿಯಬೇಕಾದರೆ ಒಂದು ಮಾತನ್ನು ಹೇಳಬೇಕು. ಗಟ್ಟಿ ಅಲ್ಯೂಮಿನಿಯಂ ಅತಿವಾಹಕವಾಗುವುದು ಸುಮಾರು 1.2 ಡಿಗ್ರಿಯಲ್ಲಿ, ಅದನ್ನೇ ಕಾಳುಗಟ್ಟಿಸಿದರೆ ಸುಮಾರು 3 ಡಿಗ್ರಿಯವರೆಗೂ ಅತಿವಾಹಕವಾಗಿರಬಲ್ಲದು. ಇದು 1960ರ ದಶಕದಿಂದ ತಿಳಿದ ಸಂಗತಿ. ಕಾಳುತನವು ಕೆಲವು ವೇಳೆ ಅತಿವಾಹಕತೆಗೆ ಒತ್ತಾಸೆಯಾಗುತ್ತದೆ ಎಂದಾಯಿತು. 2018ರಲ್ಲಿ ಬೆಂಗಳೂರಿನ ಇಬ್ಬರು ಸಂಶೋಧಕರು, ಚಿನ್ನದ ನಡುವೆ ಬೆಳ್ಳಿಯ ಸೂಕ್ಷ್ಮಕಾಳುಗಳನ್ನು ಹುದುಗಿಸಿದ ವಸ್ತುವು 236 ಡಿಗ್ರಿಯಲ್ಲಿಯೇ ಅತಿವಾಹಕವಾದಂತೆ ತೋರುತ್ತದೆಂದು ಪ್ರಕಟಿಸಿದರು. ಅದು ನಿಜವಾದರೆ ಭೌತಶಾಸ್ತ್ರದಲ್ಲಿ ಅದಕ್ಕಿಂತ ದೊಡ್ಡ ವಾರ್ತೆಯಿಲ್ಲ. ನಮ್ಮ ಕಾಲೇಜಿನ ಹುಡುಗರು ಹಬ್ಬವೇ ಬಂದಂತೆ ಹಿಗ್ಗಿದರು. ನಾವೂ ಹಿಗ್ಗಿದೆವೆಂದು ಒಪ್ಪಿಕೊಳ್ಳಬೇಕು. ಸ್ವಲ್ಪ ದಿನಗಳಲ್ಲಿ, ಬೇರೆ ಬೇರೆಯಾಗಿರಬೇಕಾದ ಎರಡು ಅಳತೆಗಳ ಗೆರೆಗಳಲ್ಲಿ ಸಣ್ಣಪುಟ್ಟ ಏರಿಳಿತಗಳು ಒಂದೇ ರೀತಿಯಾಗಿರುವುದನ್ನು ಹೊರಗಿನ ಓದುಗರೊಬ್ಬರು ಎತ್ತಿ ತೋರಿಸಿದರು. 2019ರ ಮೇ ತಿಂಗಳಲ್ಲಿ, ಇನ್ನೂ ಹಲವರು ಜೊತೆಗೂಡಿ, ಹೆಚ್ಚಿನ ವಿವರಗಳುಳ್ಳ ಪರಿಷ್ಕೃತ ಪ್ರಬಂಧವು ಬಂದಿತು. ಆದರೂ ಆ ಪ್ರತಿಪಾದನೆ ವಿಜ್ಞಾನಿಗಳ ಸಾಮಾನ್ಯ ಸಮ್ಮತಿಯನ್ನು ಪಡೆಯಲಿಲ್ಲ.

ಇದನ್ನು ಯಾರನ್ನಾದರೂ ಹಳಿಯುವುದಕ್ಕಾಗಿ ಹೇಳುತ್ತಿಲ್ಲ. ಕಾಳುಗಟ್ಟಿದ ವಸ್ತುವಿನಲ್ಲಿ ‘ರೋಧ ಸೊನ್ನೆಯಾಯಿತು’ ಎಂಬ ಮಾತನ್ನು ಸಾಧಿಸುವುದು ಬಹಳ ಕಷ್ಟ. ಪ್ರವಾಹವು ಅಲ್ಲಿ ನೇರವಾಗಿ ಹರಿಯದೆ, ಬೆಸುಗೆ ಇದ್ದ ಕಡೆ ಸುತ್ತಿಬಳಸಿ ಹೋಗುತ್ತದೆ. ತಣಿಸಿದಾಗ ದಾರಿ ಬದಲಾದರೆ, ಅಳೆಯುವ ಎರಡು ತಂತಿಗಳ ನಡುವೆ ಪ್ರವಾಹವೇ ಹಾಯದೆ, ರೋಧವಿಲ್ಲದಂತೆ ಕಾಣಬಹುದು. ಕಾಳುಗಳೆಲ್ಲ ಒಂದೊಂದಾಗಿ ಅತಿವಾಹಕವಾಗಿದ್ದರೂ, ಬೆಸುಗೆ ಸಾಲದಿದ್ದರೆ ಒಟ್ಟು ವಸ್ತು ಅವಾಹಕವಾಗುವುದೂ ಉಂಟು. ಆದುದರಿಂದ ಇಂಥ ಕಡೆ ಒಂದೇ ಅಳತೆಯನ್ನು ನಂಬಲಾಗದು. ರೋಧವನ್ನೂ ಕಾಂತತೆಯನ್ನೂ ಪರೀಕ್ಷಿಸಬೇಕು, ಮತ್ತೊಬ್ಬರ ಕೈಯಲ್ಲಿಯೂ ಅದೇ ಫಲ ಬರಬೇಕು. ಸ್ವದೇಶದ ಕೀರ್ತಿಯಲ್ಲಿ ನಮಗೆಷ್ಟು ಆಸೆಯಿದ್ದರೂ, ಆಸೆಯನ್ನು ಅಳತೆಯ ಸ್ಥಾನದಲ್ಲಿ ಕೂರಿಸಲಾಗದು. ಆ ವರ್ಷ ನಾವು ಹುಡುಗರಿಗೆ ಕಲಿಸಿದ ಪಾಠಗಳಲ್ಲಿ ಇದೇ ಹೆಚ್ಚಿನದೆಂದು ಈಗ ತೋರುತ್ತದೆ. ಅಂದು ನಾವೂ ಅವರೊಡನೆ ಕುಳಿತು ಅದನ್ನು ಕಲಿಯಬೇಕಾಯಿತು.

ಇದರಿಂದ ಲೋಕಕ್ಕೇನು ಪ್ರಯೋಜನವೆಂದು ಕೇಳುವವರಿಗೂ ಉತ್ತರವುಂಟು. ಚಳಿಯಲ್ಲಿ ರೋಧ ಏರುವ ಗುಣವೇ ಚಳಿಯನ್ನು ಅಳೆಯುವ ಸಾಧನವಾಗಿದೆ. ಹಿಂದೆ ರೇಡಿಯೊ ಪೆಟ್ಟಿಗೆಗಳಿಗೆಂದು ಮಾಡಿದ, ಇಂಗಾಲದ ಪುಡಿಯನ್ನು ಅಂಟಿನಲ್ಲಿ ಕಲಸಿದ ರೋಧಕಗಳನ್ನೇ ಪ್ರಯೋಗಶಾಲೆಗಳಲ್ಲಿ ದ್ರವ ಹೀಲಿಯಮ್ಮಿನ ಉಷ್ಣಮಾಪಕಗಳಾಗಿ ಬಳಸಿದರು. ಈಗ ರುತೇನಿಯಂ ಆಕ್ಸೈಡಿನ ಕಾಳುಗಳನ್ನು ಗಾಜಿನಲ್ಲಿ ಬೆರೆಸಿದ ರೋಧಕಗಳು ಒಂದು ಡಿಗ್ರಿಗಿಂತ ಕೆಳಗಿನ ಚಳಿಯನ್ನೂ ತಿಳಿಸುತ್ತವೆ. ತಾಮ್ರದ ತಂತಿಯಾದರೋ ಅಂಥ ಚಳಿಯಲ್ಲಿ ಒಂದೇ ರೋಧವನ್ನು ಹಿಡಿದು ಸುಮ್ಮನಾಗಿಬಿಡುತ್ತದೆ. ಅದರಿಂದ ಯಾವ ಸಮಾಚಾರವೂ ಹೊರಡದು.

ಕುಂದಾಣದ ಬಂಡೆಯ ಮೇಲೆ ಕೇಳಿದ ಪ್ರಶ್ನೆಗೆ ಈಗ ಹಿಂದಿರುಗೋಣ. ಒಳ್ಳೆಯ ಮಳೆಗಾಲದಲ್ಲಿ ಕೆರೆಗಳು ಕೋಡಿ ಬಿದ್ದು, ಮೇಲಿನ ಕೆರೆಯ ನೀರು ಕೆಳಗಿನ ಕೆರೆಯನ್ನು ಸೇರುತ್ತದೆ. ಆಗ ನೋಡಿದವನು ಇದನ್ನು ನೀರಿನ ಸೀಮೆಯೆಂದೇ ಹೇಳುತ್ತಾನೆ. ಸೀಮೆಯ ನಿಜಸ್ಥಿತಿ ತಿಳಿಯಬೇಕಾದರೆ ಬೇಸಿಗೆಯಲ್ಲಿ ಬಂದು, ಕೆರೆಗೂ ಕೆರೆಗೂ ಕಾಲುವೆ ಉಳಿದಿದೆಯೇ ಎಂದು ನೋಡಬೇಕು. ಕಾಳುಲೋಹದಲ್ಲಿ ಮಳೆಯ ಕೆಲಸವನ್ನು ಮಾಡುವುದು ಶಾಖ. ಕೊಠಡಿಯ ಶಾಖದಲ್ಲಿ ಎಷ್ಟೋ ಕಾಳುವಸ್ತುಗಳು ಲೋಹದ ವೇಷದಲ್ಲಿರುತ್ತವೆ. ಶಾಖವನ್ನೆಲ್ಲ ಹಿಂದೆಗೆದಾಗ, ಕಾಳುಗಳ ನಡುವೆ ನಂಟು ಸಾಕಷ್ಟಿದ್ದುದು ಮೆಲ್ಲಮೆಲ್ಲಗೆ ಕುಂದಿದರೂ ಪ್ರವಾಹವನ್ನು ಸಾಗಿಸುತ್ತಲೇ ಇರುತ್ತದೆ; ನಂಟಿಲ್ಲದ್ದು, ಒಳಗೆ ಒಂದೊಂದು ಕಾಳೂ ಅಪ್ಪಟ ಲೋಹವಾಗಿದ್ದರೂ, ಅವಾಹಕವಾಗಿ ನಿಂತುಬಿಡುತ್ತದೆ. ಆ ಹುಡುಗನಿಗೆ ನಾವು ಅಂದು ಕೊಟ್ಟ ಉತ್ತರ ಇಷ್ಟೆ: “ಚೈತ್ರ ಕಳೆಯಲಿ, ಮತ್ತೆ ಬಂದು ನೋಡೋಣ.” ಅವನು ಒಪ್ಪಿದ್ದಾನೆ.